ಗೆಳೆಯರು ಹೋದ ಮೇಲೆ ಮಾಡಿದ ಆಲ್ಬಂ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ನೀಲ್ ಯಂಗ್‌ನ 'ಟುನೈಟ್ಸ್ ದಿ ನೈಟ್' ಆಲ್ಬಂ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಬ್ಬರು ಗೆಳೆಯರನ್ನು ಕಳೆದುಕೊಂಡ ಹಾಡುಗಾರ 1973ರಲ್ಲಿ ರೆಕಾರ್ಡ್ ಮಾಡಿ, 1975ರಲ್ಲಿ ಹೊರತಂದ ಆಲ್ಬಂ ಅದು. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮೆಚ್ಚಿದವರಿದ್ದಾರೆ, ಬೈದವರಿದ್ದಾರೆ, ತಮ್ಮ ದುಃಖ ಹೇಳಿಕೊಂಡವರೂ ಇದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಸಿನಿಮಾ ಹಾಡುಗಳ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ನನ್ನ ಹತ್ತಿರದ ಗೆಳೆಯ ಹೋದ ವರ್ಷ ತೀರಿಕೊಂಡ. ನೀವು ಬರೆದಿದ್ದು ಓದಿ ಆ ಆಲ್ಬಂ ಕೇಳಿದೆ. ನಿಜ ಹೇಳಬೇಕೆಂದರೆ ನಿರಾಸೆ ಆಯಿತು. ಶ್ರುತಿ ಸರಿಯಿಲ್ಲ, ಧ್ವನಿ ಒಡೆಯುತ್ತದೆ, ಕುಡಿದು ಹಾಡಿದ ಹಾಗಿದೆ. ಅಷ್ಟು ದೊಡ್ಡ ಗಾಯಕ ಇನ್ನೊಂದು ಸಲ ಸರಿಯಾಗಿ ಹಾಡಬಹುದಿತ್ತಲ್ವಾ? ಇದರಲ್ಲಿ ಅಂಥದ್ದೇನಿದೆ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮ ಗೆಳೆಯನ ವಿಷಯ ಓದಿ ತುಂಬಾ ಬೇಜಾರಾಯಿತು. ವರ್ಷ ಕಳೆದರೂ ಅದು ಹಸಿಯಾಗಿಯೇ ಇರುತ್ತದೆ.

ನಿಮ್ಮ ಕಿವಿ ಸರಿಯಾಗಿಯೇ ಇದೆ. ಅವರು ಕುಡಿದೇ ಹಾಡಿದ್ದು. ಶ್ರುತಿ ತಪ್ಪಿರುವುದೂ ನಿಜ. ಹಾಗಿದ್ದೂ ಯಾಕೆ ಹಾಗೇ ಬಿಟ್ಟರು ಅನ್ನುವುದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ನೀಲ್ ಹುಟ್ಟಿದ್ದು 1945ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಹರೆಯದಲ್ಲಿ ಅಲ್ಲಿನ ಕಾಫಿ ಹೌಸ್‌ಗಳಲ್ಲಿ ಒಬ್ಬನೇ ಕೂತು, ಗಿಟಾರ್ ನುಡಿಸಿಕೊಂಡು, ತಾನೇ ಬರೆದ ಜಾನಪದ ಧಾಟಿಯ ಹಾಡು ಹಾಡುತ್ತಿದ್ದ. 1966ರಲ್ಲಿ ಲಾಸ್ ಏಂಜಲೀಸ್ ಸೇರಿದ. ಅಲ್ಲಿ ಸಿಕ್ಕವನು ಡ್ಯಾನಿ ವಿಟನ್. ಗಿಟಾರ್ ನುಡಿಸುತ್ತಿದ್ದ, ಹಾಡುತ್ತಿದ್ದ, ಬರೆಯುತ್ತಿದ್ದ. ಡ್ಯಾನಿ, ಬಾಸ್ ನುಡಿಸುವ ಬಿಲ್ಲಿ ಟಾಲ್ಬಟ್, ಡ್ರಮ್ಸ್‌ನ ರಾಲ್ಫ್ ಮೊಲಿನಾ, ಈ ಮೂವರನ್ನೂ ನೀಲ್ ಜೊತೆಗೆ ಹಾಕಿಕೊಂಡ. ಅದೇ ಕ್ರೇಜಿ ಹಾರ್ಸ್ ತಂಡ. 1969ರಲ್ಲಿ ಅವರೆಲ್ಲ ಸೇರಿ ಮಾಡಿದ ಮೊದಲ ಆಲ್ಬಂ ಬಂತು. ಅದನ್ನು ಕೇಳಿದರೆ ಡ್ಯಾನಿ ಯಾರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಡ್ಯಾನಿಗೆ ಹೆರಾಯಿನ್ ಚಟ ಹತ್ತಿತು. ನೀಲ್ ಮಾತ್ರ ಬೆಳೆಯುತ್ತಲೇ ಹೋದ. 1972ರ ಫೆಬ್ರವರಿಯಲ್ಲಿ ಬಂದ ಅವನ 'ಹಾರ್ವೆಸ್ಟ್' ಆ ವರ್ಷ ಅಮೆರಿಕದಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂ. ಅದೇ ವರ್ಷದ ಕೊನೆಗೆ ದೊಡ್ಡ ಪ್ರವಾಸದ ತಯಾರಿ ನಡೆದಿತ್ತು. ಡ್ಯಾನಿಗೆ ಇನ್ನೊಂದು ಅವಕಾಶ ಕೊಡೋಣ ಅಂತ ನೀಲ್ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ತನ್ನ ರ‍್ಯಾಂಚ್‌ಗೆ ಕರೆಸಿಕೊಂಡ. ಆದರೆ ತಾಲೀಮಿನಲ್ಲಿ ಡ್ಯಾನಿಗೆ ಹಾಡು ನೆನಪಿರುತ್ತಿರಲಿಲ್ಲ. ಉಳಿದವರು ಮುಂದೆ ಹೋದರೆ ಅವನು ಹಿಂದೆಯೇ ಉಳಿಯುತ್ತಿದ್ದ. ನವೆಂಬರ್ 18ರಂದು ನೀಲ್ ಅವನ ಕೈಗೆ 50 ಡಾಲರ್ ಮತ್ತು ಲಾಸ್ ಏಂಜಲೀಸ್‌ಗೆ ವಿಮಾನದ ಟಿಕೆಟ್ ಕೊಟ್ಟು ಕಳಿಸಿಬಿಟ್ಟ. ಅದೇ ರಾತ್ರಿ ಡ್ಯಾನಿ ಸತ್ತ. ಮದ್ಯದ ಜೊತೆ ವ್ಯಾಲಿಯಂ ಮಾತ್ರೆ ಸೇರಿ ಪ್ರಾಣ ತೆಗೆಯಿತು. ವಯಸ್ಸು ಇನ್ನೂ 29.

ಸುದ್ದಿ ಫೋನಿನಲ್ಲಿ ಬಂತು. ತಾನೇ ಹೊಣೆ ಅನ್ನಿಸಿತು ಅಂತ ನೀಲ್ ಮುಂದೆ ಸಂದರ್ಶನದಲ್ಲಿ ಹೇಳಿಕೊಂಡಿದ್ದಾನೆ. ತಂಡದಿಂದ ಕಳಿಸಿದ್ದು ಸರಿಯಾ ತಪ್ಪಾ ಅನ್ನುವ ಮಾತು ಬೇರೆ. ಅವನ ಜಾಗದಲ್ಲಿ ಯಾರಿದ್ದರೂ ಪ್ರವಾಸ ಹೊರಡುವ ಮುಂಚೆ ಹಾಗೇ ಮಾಡುತ್ತಿದ್ದರೋ ಏನೋ. ಆದರೆ ಕಳಿಸಿದ ಕೈ ತನ್ನದು ಅನ್ನುವುದು ಎದೆಯಲ್ಲಿ ಉಳಿದುಬಿಡುತ್ತದೆ.

ಏಳು ತಿಂಗಳಾಗಿರಬೇಕು. 1973ರ ಜೂನ್‌ನಲ್ಲಿ ಇನ್ನೊಬ್ಬ ಗೆಳೆಯ ಬ್ರೂಸ್ ಬೆರ್‍ರಿ ಸತ್ತ, ಹೆರಾಯಿನ್‌ನಿಂದ. ಬ್ರೂಸ್ ವೇದಿಕೆ ಮೇಲೆ ಹಾಡುವವನಲ್ಲ. ಸಾಮಾನು ಹೊತ್ತು, ವ್ಯಾನಿಗೆ ತುಂಬಿ, ಊರೂರಿಗೆ ಸಾಗಿಸಿ, ಗಿಟಾರ್ ಸಿದ್ಧ ಮಾಡಿ ಕೊಡುವ ಕೆಲಸದವನು.

ಆಗಸ್ಟ್‌ನಲ್ಲಿ ನೀಲ್ ಉಳಿದವರನ್ನು ಕೂಡಿಸಿದ. ಬಿಲ್ಲಿ, ರಾಲ್ಫ್, ಗಿಟಾರ್ ಮತ್ತು ಪಿಯಾನೊ ನುಡಿಸುವ ನಿಲ್ಸ್ ಲಾಫ್‌ಗ್ರೆನ್, ಪೆಡಲ್ ಸ್ಟೀಲ್ ಅನ್ನುವ, ಮಲಗಿಸಿಟ್ಟು ನುಡಿಸುವ ಗಿಟಾರ್ ಥರದ ವಾದ್ಯದ ಬೆನ್ ಕೀತ್. ಸರಿಯಾದ ಸ್ಟುಡಿಯೋಗೆ ಹೋಗಲಿಲ್ಲ. ಹಾಲಿವುಡ್‌ನಲ್ಲಿ ವಾದ್ಯಗಳನ್ನು ಬಾಡಿಗೆಗೆ ಕೊಡುವ, ತಂಡಗಳು ತಾಲೀಮು ಮಾಡುವ ಒಂದು ಜಾಗ ಇತ್ತು. ಅದು ಬ್ರೂಸ್‌ನ ಅಣ್ಣನದ್ದು. ಅಲ್ಲಿ ಸಣ್ಣ ವೇದಿಕೆ ಮೇಲೆ ಎಲ್ಲರೂ ಒಟ್ಟಿಗೆ ಕೂತು ನುಡಿಸುವುದು, ಹೊರಗೆ ಓಣಿಯಲ್ಲಿ ರೆಕಾರ್ಡಿಂಗ್ ಟ್ರಕ್ ನಿಲ್ಲಿಸುವುದು ಅಂತಾಯಿತು. ವೈರ್ ಒಳಗೆ ಎಳೆಯುವುದಕ್ಕೆ ಗೋಡೆಗೇ ತೂತು ಹೊಡೆದರು! ಸಂಜೆಯಿಂದ ಟಕೀಲಾ ಕುಡಿಯುತ್ತಾ, ಬಿಲಿಯರ್ಡ್ಸ್ ಆಡುತ್ತಾ, ಹೋದವರ ಮಾತಾಡುತ್ತಾ ಕೂರುವುದು. ಮಧ್ಯರಾತ್ರಿ ದಾಟಿದ ಮೇಲೆ ವಾದ್ಯ ಕೈಗೆ ಎತ್ತಿಕೊಳ್ಳುವುದು. ಆಗಸ್ಟ್ 26ರ ಒಂದೇ ರಾತ್ರಿ ಐದು ಹಾಡು ರೆಕಾರ್ಡ್ ಆದವು.

ಈಗ ನಿಮ್ಮ ಪ್ರಶ್ನೆಗೆ ಬರೋಣ. 'ಮೆಲೊ ಮೈ ಮೈಂಡ್' ಹಾಡನ್ನು ಮತ್ತೆ ಹಾಕಿ. ಮನಸ್ಸಿಗೆ ಸ್ವಲ್ಪ ಹಗುರಾಗಲಿ ಅಂತ ಬೇಡುವ ಹಾಡು. ಮೇಲಿನ ಸ್ವರಕ್ಕೆ ಹೋಗುವಾಗ ಗಂಟಲು ಸಾಲದೆ ಧ್ವನಿ ಚೂರಾಗುತ್ತದೆ. ಅವನು ನಿಲ್ಲಿಸುವುದಿಲ್ಲ, ತಂಡವೂ ನಿಲ್ಲಿಸುವುದಿಲ್ಲ. ಮುಂದಿನ ಸಾಲಿಗೆ ಹೋಗುತ್ತಾರೆ. ಮರುದಿನ ನಿದ್ದೆ ಮಾಡಿ ಎದ್ದು, ಬಿಸಿನೀರು ಕುಡಿದು ಅದೇ ಸ್ವರವನ್ನು ನೀಲ್ ಆರಾಮಾಗಿ ಹಿಡಿಯುತ್ತಿದ್ದ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಬೇರೆ ದಿನದ ಬೇರೆ ಮನುಷ್ಯನ ಹಾಡಾಗುತ್ತಿತ್ತು. ಸತ್ತವರಿಗಾಗಿ ನಿದ್ದೆಗೆಟ್ಟು ಕೂತಿದ್ದ ಐದು ಜನರ ಹಾಡು ಅದಲ್ಲ. ಈ ಆಲ್ಬಂನಲ್ಲಿ ದುಃಖವನ್ನು ಚೆಂದ ಮಾಡಿ ಕೇಳಿಸುವ ಆಸೆಯೇ ಇಲ್ಲ, ಆ ರಾತ್ರಿ ಅವರು ಹೇಗಿದ್ದರೋ ಹಾಗೇ ನಮ್ಮನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಅಷ್ಟೇ ಇದೆ, ನನಗೆ ಅದೇ ದೊಡ್ಡದು ಅನ್ನಿಸಿದ್ದು.

ನಿಮಗೆ ಈಗ ಬೇಡ ಅನ್ನಿಸಿದರೆ ಖಂಡಿತ ಬೇಡ. ಹಾಡು ಕೇಳಿ ಯಾರೂ ಕಷ್ಟಪಡಬೇಕಾಗಿಲ್ಲ. ನಿಮ್ಮ ಗೆಳೆಯನಿಗೆ ಇಷ್ಟವಿದ್ದ ಹಾಡು ಯಾವುದೋ ಅದನ್ನೇ ಕೇಳಿ.

ಪ್ರಶ್ನೆ: ನಮ್ಮ ಕಡೆ ಯಾರಾದರೂ ಸತ್ತರೆ ಹೆಣ್ಮಕ್ಕಳು ಸತ್ತವರ ಒಂದೊಂದೇ ಗುಣ ನೆನೆಸಿ ಹಾಡ್ಯಾಡಿ ಅಳ್ತಾರ. ನೀವು ಬರೆದದ್ದು ಓದಿದಾಗ ನನಗ ಅದೇ ನೆನಪಾತು. ಹೋಲಿಕೆ ಸರಿ ಐತಿ ಅಂತೀರೇನು? (ಗದಗಿನ ಓದುಗರು)

ಉತ್ತರ: ಒಂದು ವಿಷಯದಲ್ಲಿ ಖಂಡಿತ ಸರಿ ಇದೆ. ಹಾಗೆ ಅಳುವಾಗ ಯಾರೂ 'ಅವನು ಬಹಳ ಒಳ್ಳೆಯವನಿದ್ದ' ಅಂತ ಒಂದು ಮಾತು ಹೇಳಿ ಸುಮ್ಮನಾಗುವುದಿಲ್ಲ. ಬೆಳಗ್ಗೆ ಎದ್ದು ಎತ್ತಿಗೆ ನೀರು ಕುಡಿಸುತ್ತಿದ್ದಿ, ಸಂತೆಯಿಂದ ಮಕ್ಕಳಿಗೆ ಚುರುಮುರಿ ತರುತ್ತಿದ್ದಿ ಅಂತ ಅವನು ಮಾಡುತ್ತಿದ್ದ ಕೆಲಸಗಳನ್ನೇ ಒಂದೊಂದಾಗಿ ಎತ್ತಿ ಹಾಡುತ್ತಾರೆ.

ಆಲ್ಬಂನ ಮೊದಲ ಹಾಡು ನೋಡಿ. ಬ್ರೂಸ್ ದುಡಿಯುವ ಮನುಷ್ಯ, ಫೋರ್ಡ್ ಕಂಪನಿಯ ಆ ಎಕನೊಲೈನ್ ವ್ಯಾನಿಗೆ ಸಾಮಾನು ತುಂಬುತ್ತಿದ್ದ ಅಂತ ಶುರು. ಜನ ಎಲ್ಲ ಹೋದ ಮೇಲೆ ತಡರಾತ್ರಿ ಅವನು ನೀಲ್‌ನ ಗಿಟಾರ್ ಎತ್ತಿಕೊಂಡು ನಡುಗುವ ದನಿಯಲ್ಲಿ ಒಂದು ಹಾಡು ಹಾಡುತ್ತಿದ್ದನಂತೆ. ಬೆಳಗಿನ ಜಾವ ಮಲಗಿದರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲವಂತೆ. ಆಮೇಲೆ ಫೋನ್ ಬಂತು ಅನ್ನುತ್ತದೆ ಹಾಡು. ಸ್ಟಾರ್‌ಗಳ ಬಗ್ಗೆ ಹಾಡು ಬೇಕಾದಷ್ಟಿವೆ. ಆ ಸ್ಟಾರ್‌ಗಳ ಸಾಮಾನು ಹೊತ್ತವನ ಪೂರ್ತಿ ಹೆಸರನ್ನು ಆಲ್ಬಂನ ಮೊದಲ ಹಾಡಿನಲ್ಲೇ ಹೇಳಿದ್ದು ನನ್ನನ್ನು ಇವತ್ತಿಗೂ ಅಲ್ಲಾಡಿಸುತ್ತದೆ. ಅದೇ ಹಾಡು ಆಲ್ಬಂನ ಕೊನೆಗೆ ಮತ್ತೊಮ್ಮೆ ಬರುತ್ತದೆ, ಇನ್ನೂ ಒರಟಾಗಿ.

ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ ಅನ್ನಿಸುತ್ತದೆ. ನಿಮ್ಮ ಕಡೆಯ ಅಳುವಿನಲ್ಲಿ ಸುತ್ತಲೂ ಕೂತವರಿಗೆಲ್ಲ ಸತ್ತವನು ಗೊತ್ತು. ಇಲ್ಲಿ ಕೇಳುವವರಿಗೆ ಯಾರೂ ಗೊತ್ತಿಲ್ಲ. ನೀಲ್‌ಗೆ ಅದು ಗೊತ್ತಿತ್ತು. ಕ್ಷಮಿಸಿ, ಈ ಜನ ನಿಮಗೆ ಗೊತ್ತಿಲ್ಲ, ನಿಮಗೆ ಇದರಿಂದ ಏನೂ ಅನ್ನಿಸಲಿಕ್ಕಿಲ್ಲ ಅನ್ನುವ ಅರ್ಥದ ಮಾತನ್ನು ರೆಕಾರ್ಡ್ ಜೊತೆಗಿನ ಹಾಳೆಯಲ್ಲಿ ಅಚ್ಚು ಹಾಕಿಸಿದ್ದ.

ಪ್ರಶ್ನೆ: ಸತ್ತ ಗೆಳೆಯರ ಕಥೆ ಹಾಡಿ ದುಡ್ಡು ಮಾಡುವುದು ಎಷ್ಟು ಸರಿ? ಅದೂ ತಾನೇ ಕೆಲಸದಿಂದ ತೆಗೆದ ಗೆಳೆಯನ ಕಥೆ. (ಬೆಂಗಳೂರಿನ ಓದುಗರು)

ಉತ್ತರ: ಕೇಳಬೇಕಾದ ಪ್ರಶ್ನೆಯೇ. ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ದುಡ್ಡು ಬೇಕಿದ್ದರೆ 'ಹಾರ್ವೆಸ್ಟ್' ಥರದ್ದೇ ಇನ್ನೊಂದು ಆಲ್ಬಂ ಮಾಡಿದ್ದರೆ ಸಾಕಿತ್ತು. ರೆಕಾರ್ಡ್ ಕಂಪನಿಗೂ ಅದೇ ಬೇಕಿತ್ತು. ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು, ಇದು 25ಕ್ಕೆ ನಿಂತಿತು. 1973ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದಾಗ ಜನ 'ಹಾರ್ವೆಸ್ಟ್'ನ 'ಹಾರ್ಟ್ ಆಫ್ ಗೋಲ್ಡ್' ಹಾಡು ಕೇಳೋಣ ಅಂತ ಟಿಕೆಟ್ ಕೊಂಡು ಬಂದಿದ್ದರು. ನೀಲ್ ವೇದಿಕೆ ಮೇಲೆ ಒಂದು ತಾಳೆ ಮರ ನಿಲ್ಲಿಸಿಕೊಂಡು, ಯಾರೂ ಕೇಳಿರದ, ಇನ್ನೂ ಹೊರಬಂದಿರದ ಈ ಹಾಡುಗಳನ್ನೇ ಹಾಡಿದ. ಬ್ರೂಸ್‌ನ ಹಾಡನ್ನು ಒಂದೇ ಸಂಜೆ ಎರಡೆರಡು ಸಲ ಹಾಡಿದ್ದೂ ಉಂಟು. ಜನ ಸಿಟ್ಟಾದರು. ವ್ಯಾಪಾರ ಮಾಡುವವರು ಹೀಗೆ ಮಾಡುವುದಿಲ್ಲ.

ನಿಮ್ಮ ಎರಡನೇ ಮಾತು ಹೆಚ್ಚು ಕಷ್ಟದ್ದು. ಅದಕ್ಕೆ ನನ್ನ ಉತ್ತರ ಆಲ್ಬಂನಲ್ಲೇ ಇದೆ, ಐದನೇ ಹಾಡಿನಲ್ಲಿ. 'ಕಮ್ ಆನ್ ಬೇಬಿ ಲೆಟ್ಸ್ ಗೋ ಡೌನ್‌ಟೌನ್' ಅಂತ. ಇದು 1970ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ನಡೆದ ಕಾರ್ಯಕ್ರಮದ ರೆಕಾರ್ಡಿಂಗ್. ಮುಂದೆ ನಿಂತು ಹಾಡುವವನು ನೀಲ್ ಅಲ್ಲ, ಡ್ಯಾನಿ. ಹಾಡು ಬರೆದವರ ಜಾಗದಲ್ಲೂ ಡ್ಯಾನಿಯ ಹೆಸರಿದೆ. ಅದಕ್ಕೆ ಮುಂಚಿನ ಹಾಡು ಪಿಯಾನೊ ಮತ್ತು ಮೌತ್ ಆರ್ಗನ್ ಮಾತ್ರ ಇರುವ, ಒಬ್ಬನೇ ಗೊಣಗಿಕೊಂಡಂತಿರುವ ಹಾಡು. ಅದು ಮುಗಿದದ್ದೇ ತಡ, ಚಪ್ಪಾಳೆ ಹೊಡೆಯುವ ಜನ, ಜೋರು ಗಿಟಾರ್, ತುಂಬು ಕಂಠದ ಡ್ಯಾನಿ, ಎಲ್ಲ ಒಟ್ಟಿಗೆ ನುಗ್ಗಿ ಬರುತ್ತದೆ. ಹಾಡಿನ ವಿಷಯ ಏನು ಗೊತ್ತಾ? ಪೇಟೆಗೆ ಹೋಗಿ ಮಾದಕವಸ್ತು ಕೊಳ್ಳುವುದು. ಅವನ ಬದುಕು ಹಾಳು ಮಾಡಿದ್ದನ್ನೇ ಅವನು ನಗುನಗುತ್ತಾ ಹಾಡುತ್ತಿದ್ದಾನೆ. ನೀಲ್ ಅದರ ಮೇಲೆ ಒಂದು ಮಾತೂ ಸೇರಿಸಿಲ್ಲ.

ಡ್ಯಾನಿ ಬಗ್ಗೆ ಎಷ್ಟು ಹಾಡು ಬೇಕಾದರೂ ಬರೆಯಬಹುದಿತ್ತು. ಅದರ ಬದಲು ತನ್ನ ಆಲ್ಬಂನಲ್ಲಿ ಅವನಿಗೇ ಮೈಕ್ ಬಿಟ್ಟುಕೊಟ್ಟ. ತಂಡದಿಂದ ಕಳಿಸಿದವನು ಅವನನ್ನು ಮತ್ತೆ ತಂಡಕ್ಕೆ ಸೇರಿಸಿಕೊಂಡದ್ದು ಹೀಗೆ. ತಡವಾಗಿ, ಆದರೆ ಕೈಲಾದ ಒಂದೇ ರೀತಿಯಲ್ಲಿ. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ.

ಪ್ರಶ್ನೆ: ನಾನು ಗಿಟಾರ್ ಕಲಿಯುತ್ತಿದ್ದೇನೆ. ಡ್ಯಾನಿ ವಿಟನ್ ನುಡಿಸಿದ್ದರಲ್ಲಿ ಕಲಿಯುವಂಥದ್ದು ಏನಿದೆ? ಎಲ್ಲರೂ ನೀಲ್ ಯಂಗ್ ಸೋಲೊ ಬಗ್ಗೆಯೇ ಮಾತಾಡುತ್ತಾರೆ. (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಈ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. 1969ರ 'ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್' ಆಲ್ಬಂ ಹಾಕಿ. ಹೆಡ್‌ಫೋನ್ ಬೇಕೇ ಬೇಕು. 'ಡೌನ್ ಬೈ ದಿ ರಿವರ್' ಹಾಡು ಒಂಬತ್ತು ನಿಮಿಷಕ್ಕೂ ಜಾಸ್ತಿ ಇದೆ. ಎರಡು ಗಿಟಾರ್‌ಗಳನ್ನು ಎರಡು ಕಿವಿಗೆ ಹಂಚಿದ್ದಾರೆ. ನೀಲ್‌ನ ಕಡೆಯ ಇಯರ್‌ಫೋನ್ ತೆಗೆದು ಬರೀ ಡ್ಯಾನಿಯನ್ನು ಕೇಳಿ. ಅವನು ಸುಮ್ನೆ ಕಾರ್ಡ್ ಹೊಡೆಯುತ್ತಾ ಕೂತಿಲ್ಲ. ಒಮ್ಮೆ ತಂತಿಗಳನ್ನು ಅಂಗೈಯಿಂದ ಅದುಮಿ ಟಕ್ ಅಂತ ಕತ್ತರಿಸುತ್ತಾನೆ, ಒಮ್ಮೆ ಪೂರ್ತಿ ಬಿಡುತ್ತಾನೆ. ನೀಲ್ ಒಂದೇ ಸ್ವರವನ್ನು ಹಿಡಿದು ಚಚ್ಚುವಾಗ ಕೆಳಗೆ ನೆಲ ಗಟ್ಟಿಯಾಗಿರುವುದು ಇವನಿಂದ.

ಆಮೇಲೆ 'ಸಿನಮನ್ ಗರ್ಲ್'. ಅದಕ್ಕೆ ನಿಮ್ಮ ಗಿಟಾರ್‌ನ ಮೇಲಿನ ಮತ್ತು ಕೆಳಗಿನ ಎರಡೂ 'ಇ' ತಂತಿಗಳನ್ನು 'ಡಿ'ಗೆ ಇಳಿಸಿಕೊಳ್ಳಬೇಕು. ಹಾಡಿನುದ್ದಕ್ಕೂ ಎರಡು ದನಿ ಕೇಳುತ್ತವೆ, ಮೇಲಿನ ದನಿ ಡ್ಯಾನಿಯದ್ದು. ಇಷ್ಟಾದ ಮೇಲೆ ಈ ಆಲ್ಬಂಗೆ ಮರಳಿ ಬಂದರೆ ಗಿಟಾರ್ ಎಲ್ಲಿ ಖಾಲಿ ಇದೆ ಅಂತ ನಿಮಗೇ ಗೊತ್ತಾಗುತ್ತದೆ. ಎರಡನೇ ಗಿಟಾರ್ ಇರಬೇಕಾದ ಕಡೆ ಪಿಯಾನೊ ಇದೆ, ಬೆನ್ ಕೀತ್‌ನ ಸ್ಟೀಲ್ ಇದೆ. ನಿಲ್ಸ್ ಅದ್ಭುತ ಗಿಟಾರ್ ವಾದಕ. ಆದರೂ ಹಲವು ಹಾಡುಗಳಲ್ಲಿ ಅವನನ್ನು ಪಿಯಾನೊ ಮುಂದೆ ಕೂರಿಸಿದ್ದಾರೆ.

ಇನ್ನೊಂದು ವಿಷಯ. 'ಐ ಡೋಂಟ್ ವಾಂಟ್ ಟು ಟಾಕ್ ಅಬೌಟ್ ಇಟ್' ಅನ್ನುವ ಹಾಡು ನೀವು ರಾಡ್ ಸ್ಟೀವರ್ಟ್ ದನಿಯಲ್ಲಿ ಕೇಳಿರುತ್ತೀರಿ. 1977ರಲ್ಲಿ ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಹೋದ ಹಾಡು. ಬರೆದವನು ಡ್ಯಾನಿ. ಅವನೇ ಹಾಡಿದ್ದು 1971ರ ಕ್ರೇಜಿ ಹಾರ್ಸ್ ಆಲ್ಬಂನಲ್ಲಿದೆ. ಅದು ಗೆಲ್ಲುವುದನ್ನು ನೋಡಲು ಅವನು ಉಳಿದಿರಲಿಲ್ಲ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ರಾತ್ರಿಯೆಲ್ಲ ರೂಮಿನ ಬಾಗಿಲು ಹಾಕಿಕೊಂಡು ನೀವು ಬರೆದ ಈ ಹಾಡುಗಾರನ ಹಾಡನ್ನೇ ಕೇಳುತ್ತಾನೆ. ಡ್ರಗ್ಸ್ ಬಗ್ಗೆ ಇರುವ ಹಾಡು ಅಂತ ಗೊತ್ತಾಗಿ ಭಯವಾಗಿದೆ. ಬಿಡಿಸಬೇಕಾ? (ಮಂಡ್ಯದ ತಾಯಿಯೊಬ್ಬರು)

ಉತ್ತರ: ಅಮ್ಮಾ, ನಿಮ್ಮ ಭಯ ಅರ್ಥವಾಗುತ್ತದೆ. ಹಾಡು ಬಿಡಿಸಬೇಡಿ. ಈ ಆಲ್ಬಂನಲ್ಲಿ ಗಾಂಜಾ, ಹೆರಾಯಿನ್, ಕುಡಿತ ಎಲ್ಲದರ ಮಾತೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಾದಕವಸ್ತು ಗೆಳೆಯರನ್ನು ಹೇಗೆ ಒಬ್ಬೊಬ್ಬರನ್ನಾಗಿ ತಿಂದಿತು ಅಂತ ಎದೆ ಬಿಚ್ಚಿ ಹೇಳಿದ ಹಾಡುಗಳಿವು. ಇದಕ್ಕೂ ಮುಂಚೆ, ಡ್ಯಾನಿ ಇನ್ನೂ ಬದುಕಿದ್ದಾಗಲೇ, ಸೂಜಿ ಮಾಡಿದ ಹಾಳು ಎಂಥದ್ದು ಅಂತ ನೀಲ್ ಎರಡೇ ನಿಮಿಷದ ಒಂದು ಹಾಡು ಬರೆದು ಹಾಡಿದ್ದ. 1971ರ ಜನವರಿಯಲ್ಲಿ ವೇದಿಕೆ ಮೇಲೆ ಹಾಡಿದ್ದನ್ನೇ 'ಹಾರ್ವೆಸ್ಟ್'ಗೆ ಸೇರಿಸಿದರು. ಎಚ್ಚರಿಕೆ ಹೇಳಿದ್ದಾಗಿತ್ತು, ಅದು ಗೆಳೆಯನನ್ನು ಉಳಿಸಲಿಲ್ಲ.

ನೀವು ನೋಡಬೇಕಾದ್ದು ಬೇರೆ. ಮಗ ಊಟ ನಿದ್ದೆ ಸರಿಯಾಗಿ ಮಾಡುತ್ತಿದ್ದಾನಾ? ಗೆಳೆಯರ ಜೊತೆ ಓಡಾಡುತ್ತಾನಾ? ಇತ್ತೀಚೆಗೆ ಅವನ ಬಳಗದಲ್ಲಿ ಯಾರಾದರೂ ತೀರಿಕೊಂಡರಾ? ಈ ವಯಸ್ಸಿನ ಹುಡುಗರು ಗೆಳೆಯ ಸತ್ತರೆ ಮನೆಯಲ್ಲಿ ಹೇಳುವುದೇ ಇಲ್ಲ. ಬೈಕ್ ಅಪಘಾತದಲ್ಲಿ ಕ್ಲಾಸ್‌ಮೇಟ್ ಹೋದರೆ ಸಂಬಂಧಿಕರು ಹೋದಂತೆ ಯಾರೂ ಬಂದು ಮಾತಾಡಿಸುವುದಿಲ್ಲ, ಸೂತಕ ಇಲ್ಲ, ರಜೆ ಇಲ್ಲ, ಮರುದಿನ ಕಾಲೇಜಿಗೆ ಹೋಗಲೇಬೇಕು. ಒಂದು ಸಂಜೆ ಅವನ ಪಕ್ಕ ಕೂತು, ನನಗೂ ಒಂದು ಹಾಡು ಕೇಳಿಸಪ್ಪಾ ಅನ್ನಿ. ಪರೀಕ್ಷೆ ಮಾಡುವ ಹಾಗೆ ಪ್ರಶ್ನೆ ಕೇಳಬೇಡಿ. ಅವನಾಗಿ ಹೇಳಲಿ.

ಅವನು ಮಂಕಾಗಿದ್ದಾನೆ, ಊಟ ಬಿಟ್ಟಿದ್ದಾನೆ, ಏನಾದರೂ ಚಟ ಇರಬಹುದು ಅನ್ನಿಸಿದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೇ ಮಾಡಿ ಕೇಳಿದರೂ ನಡೆಯುತ್ತದೆ.

ಪ್ರಶ್ನೆ: ನಾನು ಟೊರಾಂಟೊದಲ್ಲಿ ಕೆಲಸದಲ್ಲಿದ್ದೇನೆ, ಹಳೆ ರೆಕಾರ್ಡ್ ಕೂಡಿಡುವ ಹುಚ್ಚು. 1973ರಲ್ಲಿ ಮುಗಿದ ಆಲ್ಬಂ ಎರಡು ವರ್ಷ ಯಾಕೆ ಪೆಟ್ಟಿಗೆಯಲ್ಲಿ ಇತ್ತು?

ಉತ್ತರ: ಕಂಪನಿಯವರಿಗೆ ಹಿಡಿಸಲಿಲ್ಲ ಅನ್ನುವುದು ಒಂದು, ನೀಲ್‌ಗೇ ಹೇಗೆ ಹೊರಗೆ ಕಳಿಸಬೇಕು ಅಂತ ಬಗೆಹರಿಯಲಿಲ್ಲ ಅನ್ನುವುದು ಇನ್ನೊಂದು. ನಡುವೆ 1974ರಲ್ಲಿ 'ಆನ್ ದಿ ಬೀಚ್' ಬಂದು ಹೋಯಿತು. ಆಮೇಲೆ 'ಹೋಮ್‌ಗ್ರೋನ್' ಅಂತ ಇನ್ನೊಂದು ಆಲ್ಬಂ ತಯಾರಾಯಿತು. ಅದನ್ನು ಒಂದು ರಾತ್ರಿ ಗೆಳೆಯರಿಗೆ ಕೇಳಿಸುತ್ತಿದ್ದಾಗ ಅದೇ ಟೇಪಿನಲ್ಲಿದ್ದ ಈ ಹಳೆಯ ಹಾಡುಗಳೂ ಓಡಿದವು. ದಿ ಬ್ಯಾಂಡ್ ತಂಡದ ರಿಕ್ ಡ್ಯಾಂಕೊ ಅಲ್ಲಿದ್ದ. ಹೊರಗೆ ಬರಬೇಕಾದ್ದು ಇದು ಅಂತ ಅವನು ಒತ್ತಾಯ ಮಾಡಿದ. ನೀಲ್ ಒಪ್ಪಿದ. 'ಹೋಮ್‌ಗ್ರೋನ್' ಪೆಟ್ಟಿಗೆ ಸೇರಿತು, ಹೊರಬಂದದ್ದು 2020ರಲ್ಲಿ! 'ಟುನೈಟ್ಸ್ ದಿ ನೈಟ್' 1975ರ ಜೂನ್ 20ರಂದು ಬಂತು.

ನೀವು ರೆಕಾರ್ಡ್ ಕೂಡಿಡುವವರು ಅಂದಿರಿ. ಮೊದಲ ಮುದ್ರಣ ಸಿಕ್ಕರೆ ಹೊದಿಕೆಯನ್ನು ಮುಟ್ಟಿ ನೋಡಿ. ನುಣುಪಾದ ಹಾಳೆಯಲ್ಲ, ಶಾಯಿ ಹೀರುವ ಬ್ಲಾಟಿಂಗ್ ಪೇಪರ್ ಥರದ ಒರಟು ಕಾಗದ. ಮುಖಪುಟ ಪೂರ್ತಿ ಕಪ್ಪು ಬಿಳುಪು. 2018ರಲ್ಲಿ ಬಂದ 'ರಾಕ್ಸಿ' ಲೈವ್ ಆಲ್ಬಂ ಕೂಡ ಹುಡುಕಿ. 1973ರ ಸೆಪ್ಟೆಂಬರ್‌ನಲ್ಲಿ, ರೆಕಾರ್ಡಿಂಗ್ ಮುಗಿದ ಬೆನ್ನಿಗೇ, ಆಗಷ್ಟೇ ಬಾಗಿಲು ತೆರೆದ ರಾಕ್ಸಿ ಥಿಯೇಟರ್‌ನಲ್ಲಿ ಇದೇ ತಂಡ ಇವೇ ಹಾಡುಗಳನ್ನು ಹಾಡಿದ್ದು. ಅಲ್ಲಿ ಅವರು ಸ್ವಲ್ಪ ಹಗುರಾಗಿದ್ದಾರೆ, ನಗುತ್ತಾರೆ. ಎರಡನ್ನೂ ಕೇಳಿದರೆ ಒಳ್ಳೆಯದು.

ಪ್ರಶ್ನೆ: ತೀರಿಕೊಂಡ ನನ್ನ ಗೆಳತಿಯ ಬಗ್ಗೆ ಒಂದು ಹಾಡು ಬರೆಯಬೇಕು ಅಂತ ತುಂಬಾ ದಿನದಿಂದ ಒದ್ದಾಡುತ್ತಿದ್ದೇನೆ. ಬರೆದದ್ದೆಲ್ಲ ಶ್ರದ್ಧಾಂಜಲಿ ಜಾಹೀರಾತಿನ ಹಾಗೆ ಆಗುತ್ತದೆ. ಏನು ಮಾಡಲಿ? (ಸಾಗರದ ಓದುಗರು)

ಉತ್ತರ: ನಿಮಗೆ ಇದು ಕಾಣಿಸಿದೆ ಅಂದರೆ ಅರ್ಧ ದಾರಿ ಬಂದಿದ್ದೀರಿ. ಅಗಲಿಕೆ, ಶೂನ್ಯ, ನೆನಪಿನ ದೀಪ, ಬಾಳ ಪಯಣ ಇಂಥ ಮಾತುಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಇವು ಯಾರು ಸತ್ತರೂ ಹೊಂದುತ್ತವೆ. ನಿಮ್ಮ ಗೆಳತಿಗೆ ಮಾತ್ರ ಹೊಂದುವುದು ಏನು? ಬಸ್ ಸ್ಟ್ಯಾಂಡಿನಲ್ಲಿ ಅವಳು ಏನು ಕೊಳ್ಳುತ್ತಿದ್ದಳು, ಯಾವ ಮಾತಿಗೆ ರೇಗುತ್ತಿದ್ದಳು, ನಿಮ್ಮನ್ನು ಏನಂತ ಕರೆಯುತ್ತಿದ್ದಳು, ನಿಮಗೆ ವಾಪಸ್ ಕೊಡದ ಪುಸ್ತಕ ಯಾವುದು? ಅದನ್ನೆಲ್ಲ ಹಾಡು ಅಂದುಕೊಳ್ಳದೆ ಸುಮ್ನೆ ಬರೆದಿಡಿ. ನೀಲ್‌ನ ಹಾಡಿನಲ್ಲಿ ಬ್ರೂಸ್ ಮಧ್ಯಾಹ್ನದವರೆಗೆ ಮಲಗುತ್ತಿದ್ದ ಅನ್ನುವ ಸಾಲು ಹೊಗಳಿಕೆಯೂ ಅಲ್ಲ, ದೂರೂ ಅಲ್ಲ. ಅದು ಬ್ರೂಸ್, ಅಷ್ಟೇ. ಅವಳ ಮೇಲೆ ನಿಮಗೆ ಸಿಟ್ಟಿದ್ದರೆ ಅದನ್ನೂ ಬರೆಯಿರಿ, ನಿಮ್ಮ ಮೇಲೆಯೇ ಇದ್ದರೆ ಅದನ್ನೂ.

ಧಾಟಿ ಹೊಳೆಯುತ್ತಿಲ್ಲವಾದರೆ ನಿಮಗೆ ಗೊತ್ತಿರುವ ಯಾವುದೋ ಹಾಡಿನ ಧಾಟಿ ತೆಗೆದುಕೊಂಡು ಶುರು ಮಾಡಿ. ಈ ಆಲ್ಬಂನ ನಾಲ್ಕನೇ ಹಾಡು 'ಬಾರೋಡ್ ಟ್ಯೂನ್' ಹಾಗೇ ಹುಟ್ಟಿದ್ದು. ರೋಲಿಂಗ್ ಸ್ಟೋನ್ಸ್ ತಂಡದ ಹಾಡೊಂದರ ಧಾಟಿ ತೆಗೆದುಕೊಂಡಿದ್ದೇನೆ, ನನ್ನದೇ ಕಟ್ಟುವಷ್ಟು ತ್ರಾಣ ಇಲ್ಲ ಅಂತ ನೀಲ್ ಹಾಡಿನೊಳಗೇ ಹೇಳಿಬಿಡುತ್ತಾನೆ. ಇದೇ ಆಗ ಹೇಳಿದ ಪಿಯಾನೊ ಹಾಡು. ಅಚ್ಚು ಹಾಕಿಸುವಾಗ ಅಥವಾ ಎಲ್ಲಾದರೂ ಹಾಡುವಾಗ ಧಾಟಿ ಯಾರದ್ದು ಅಂತ ಹೇಳಿದರಾಯಿತು. ಬರೆದಾದ ಮೇಲೆ ಮೊದಲು ಅವಳ ಮನೆಯವರಿಗೆ ಓದಿ ಹೇಳಿ, ಅವರು ಬೇಡ ಅಂದ ಸಾಲು ತೆಗೆದುಬಿಡಿ.

ಪ್ರಶ್ನೆ: ಆಲ್ಬಂ ಪೂರ್ತಿ ಕೇಳುವಷ್ಟು ತಾಳ್ಮೆ ಇಲ್ಲ. ಮೂರು ಹಾಡು ಹೇಳಿ. (ಉಡುಪಿಯ ಓದುಗರು)

ಉತ್ತರ: ಮೊದಲನೆಯದು, ಅಂದರೆ ಬ್ರೂಸ್‌ನ ಹಾಡು. ಆಮೇಲೆ 'ಕಮ್ ಆನ್ ಬೇಬಿ ಲೆಟ್ಸ್ ಗೋ ಡೌನ್‌ಟೌನ್', ಡ್ಯಾನಿಯ ದನಿಗಾಗಿ. ಅದಾದ ತಕ್ಷಣ ಬರುವ 'ಮೆಲೊ ಮೈ ಮೈಂಡ್', ಒಡೆದ ಸ್ವರಕ್ಕಾಗಿ. ರಾತ್ರಿ ಊಟವಾದ ಮೇಲೆ ಕೇಳಿ, ಬೆಳಗ್ಗೆ ಆಫೀಸಿಗೆ ಹೋಗುವಾಗ ಬೇಡ.